ಕೆರೆ ಅಂಗಳದ ಹಳದಿ ಹೂವು, ಪಕ್ಕದ ಬಿಳಿ ಸೌಳು

ಶಿವರಾತ್ರಿ ಕಳೆದು ಕೆರೆ ನೀರು ಹಿಂದಕ್ಕೆ ಸರಿದ ಮೇಲೆ ಅಂಗಳದಲ್ಲಿ ನೆಲಕ್ಕೆ ಅಂಟಿಕೊಂಡು ಒಂದು ಗಿಡ ಹರಡುತ್ತೆ, ನೋಡಿರ್ತೀರಿ. ಎಲೆ ಸೀಳುಸೀಳು, ಮೇಲೆ ಮೆತ್ತನೆ ರೋಮ. ತುದಿಗೆ ಅಂಗಿ ಗುಂಡಿಯಷ್ಟು ದುಂಡನೆ ಹಳದಿ ಹೂವು. ಸೇವಂತಿಗೆ ವಂಶದ್ದೇ, ಆದರೆ ಸುತ್ತ ಎಸಳಿಲ್ಲ. ಪುಸ್ತಕದಲ್ಲಿ ಇದರ ಹೆಸರು ಗ್ರ್ಯಾಂಜಿಯಾ ಮದರಾಸ್‌ಪಟಾನಾ, ಮದರಾಸಿನದು ಅಂತ ಅರ್ಥ. 1753ರಲ್ಲಿ ಲಿನೇಯಸ್ ಇದನ್ನ ಈಗ ದವನ ಇರುವ ಗುಂಪಿಗೇ ಸೇರಿಸಿದ್ದ, ಆಮೇಲೆ ಬೇರೆ ಮಾಡಿದರು.

ಕಳೆ ಅಂತ ತುಳಿದುಕೊಂಡು ಹೋಗ್ತೀವಿ. ಆದರೆ ನೀರು ಸರಿದಂತೆಲ್ಲ ಇದು ಹುಟ್ಟುತ್ತಾ ಇಳಿಯುತ್ತೆ. ಮೇಲಿನ ಸಾಲಲ್ಲಿ ಕಾಯಿ ಒಣಗಿರುತ್ತೆ, ನಡುವೆ ಹೂವು, ನೀರಿನ ಅಂಚಲ್ಲಿ ಎಳೇ ಸಸಿ. ಕೆರೆ ಹೆಂಗೆ ಇಳೀತು ಅನ್ನೋದು ನೆಲದ ಮೇಲೇ ಬರೆದಿರುತ್ತೆ.

ಈಗ ಗೋಡು ಹೊಡೆಯೋ ಕಾಲ ಬಂತು, ಅದಕ್ಕೇ ಈ ಮಾತು. ಇಂಥ ಇಳಿಜಾರು ಅಂಚಿನಲ್ಲಿ ಕೆಲವು ಕಡೆ ಬೆಳ್ಳಗೆ ಸೌಳು ಎದ್ದಿರುತ್ತೆ. ಕೆಳಗಿನ ತೇವ ಮೇಲಕ್ಕೆ ಹತ್ತಿ, ನೀರು ಆರಿ, ಉಪ್ಪು ಮಾತ್ರ ಉಳಿಯುತ್ತೆ. ಹಿಂದೆ ಅಗಸರು ಬಟ್ಟೆಗೆ ಹುಡುಕಿ ಒಯ್ಯುತ್ತಿದ್ದದ್ದು ಇಂಥ ಮಣ್ಣನ್ನೇ. ದಾರಿಗೆ ಹತ್ತಿರ, ಟ್ರ್ಯಾಕ್ಟರ್ ಸಲೀಸಾಗಿ ಇಳಿಯುತ್ತೆ ಅಂತ ಅಲ್ಲೇ ತುಂಬಿಕೊಂಡರೆ ಉಪ್ಪನ್ನ ಬಾಡಿಗೆ ಕೊಟ್ಟು ತೋಟಕ್ಕೆ ತಂದಂಗೆ. ತೆಂಗು ಸ್ವಲ್ಪ ತಡೆದುಕೊಳ್ಳುತ್ತೆ, ನಡುವೆ ಹಾಕಿರೋ ಅಡಿಕೆ ತಡೆಯಲ್ಲ.

ಇನ್ನೊಂದು, ಅಂಚು ಕಡಿದು ಆಳದ ಗುಂಡಿ ಮಾಡಿದರೆ ಈ ಹೂವಿಗೆ ಜಾಗ ಇಲ್ಲ. ಹೂವು ಹೋದರೆ ಹೋಗಲಿ ಅನ್ನಬಹುದು. ದನ ನೀರಿಗೆ ಇಳಿಯೋದೂ, ಹುಡುಗರು ಈಜಲಿಕ್ಕೆ ಇಳಿಯೋದೂ ಅದೇ ಅಂಚಲ್ಲಿ. ಮಳೆ ಬಂದು ತುಂಬಿದ ಮೇಲೆ ಗುಂಡಿ ಎಲ್ಲಿ ಅಂತ ಯಾರಿಗೆ ಕಾಣುತ್ತೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಇದೇ ವಂಶದ ಗೋಲ್ಡ್‌ಫೀಲ್ಡ್ಸ್ ಅನ್ನೋ ಹಳದಿ ಹೂವು ಇದೆ. ಮಳೆಗಾಲದಲ್ಲಿ ನೀರು ನಿಂತು ಬೇಸಿಗೆಗೆ ಒಣಗೋ ತಗ್ಗು, ಸೌಳು ನೆಲ, ಅಲ್ಲೆಲ್ಲ ಬರುತ್ತೆ. ಉಳುಮೆಗೂ ಕಟ್ಟಡಕ್ಕೂ ತಗ್ಗುಗಳನ್ನ ಮಟ್ಟ ಮಾಡಿ ಮಾಡಿ, ಅದರಲ್ಲಿ ಒಂದು ಜಾತಿಯನ್ನ 1997ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕಾಯ್ತು. ನಮ್ಮದು ಇನ್ನೂ ಬೇಕಾದಷ್ಟಿದೆ ಬಿಡಿ.

ನನ್ನ ಲೆಕ್ಕ ಇಷ್ಟೆ: ಸೌಳು ಎದ್ದ ಕಡೆ ಬೇಡ, ದಡದ ಇಳಿಜಾರು ಹಂಗೇ ಇರಲಿ, ಒಳಗಿನ ಹೂಳನ್ನ ಸಮನಾಗಿ ತೆಗೆಯೋಣ. ಈ ವಾರ ಎರಡು ಕಡೆ ಮಣ್ಣು ಕಟ್ಟಿ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡ್ತೀನಿ. ಇಸಿ 1ರ ಒಳಗೆ ಬಂದರೆ ಧೈರ್ಯವಾಗಿ ಹೊಡೆಯಬಹುದು. ಬಂದ ಅಂಕಿ ಇಲ್ಲೇ ಹಾಕ್ತೀನಿ, ನೋಡಿಕೊಂಡು ಟ್ರ್ಯಾಕ್ಟರ್‌ಗೆ ಹೇಳಿ.