ಚಾಕೊಲೇಟ್ ಕರಗುವಷ್ಟರಲ್ಲಿ ಆಲ್ಪ್ಸ್

ಜೂರಿಕ್‌ನಿಂದ ಮಿಲಾನ್‌ಗೆ ಟಿಕೆಟ್ಟಿನಲ್ಲಿ ಬರೆದಿದ್ದದ್ದು 55 ನಿಮಿಷ. ನಕ್ಷೆಯ ಮೇಲೆ ಗೆರೆ ಎಳೆದರೆ 200 ಕಿಲೋಮೀಟರಿನ ಆಸುಪಾಸು. ಬೆಂಗಳೂರಿನಿಂದ ಹಾಸನಕ್ಕೆ ಹೋದಷ್ಟು ಅಂದುಕೊಳ್ಳಿ. ರೈಲು ಹತ್ತಿದರೆ ಮೂರು ಗಂಟೆ ಚಿಲ್ಲರೆ. ಇಷ್ಟಕ್ಕೆ ವಿಮಾನವೇ ಎಂದು ನನಗೇ ನಾಚಿಕೆಯಾಯಿತು. ಆದರೆ ಆ ರೈಲು ಆಲ್ಪ್ಸ್ ದಾಟುವುದು ಅದರ ಹೊಟ್ಟೆಯೊಳಗಿಂದ. ನನಗೆ ನೋಡಬೇಕಿದ್ದದ್ದು ಬೆನ್ನು.

ಬಲಗಡೆಯ ಕಿಟಕಿ ಕೇಳಿ ಪಡೆದಿದ್ದೆ. ಸೆಪ್ಟೆಂಬರ್ ಕೊನೆಯ ಬೆಳಗು, ಮೋಡವಿಲ್ಲ. ವಿಮಾನ ಏರುತ್ತಿದ್ದ ಹಾಗೇ ಹಸಿರು ದಿನ್ನೆಗಳು ಮುಗಿದುಹೋದವು. ಕೆಳಗೆ ಬರೀ ಕಲ್ಲು, ಕಲ್ಲಿನ ಮಡಿಲಲ್ಲಿ ಹಿಮ. ಗಗನಸಖಿ ಬುಟ್ಟಿ ಹಿಡಿದು ಬಂದರು, ಹೆಬ್ಬೆರಳಷ್ಟು ಚಾಕೊಲೇಟ್ ಕೊಟ್ಟರು. ಬಾಯಿಗೆ ಹಾಕಿಕೊಂಡು ಕಿಟಕಿಗೆ ಹಣೆ ಒತ್ತಿದೆ.

ಗಾಟ್‌ಹಾರ್ಡ್ ಸೀಮೆ. ಬೆಟ್ಟದ ಮೈಗೆ ಅಂಟಿದ ಹಳೆಯ ರಸ್ತೆ, ಯಾರೋ ದಾರದುಂಡೆ ಕೈಬಿಟ್ಟ ಹಾಗೆ ಸುತ್ತು ಸುತ್ತಾಗಿ ಇಳಿದಿತ್ತು. ರೈನ್, ರೋನ್, ರಾಯ್ಸ್, ಟಿಚಿನೋ ನಾಲ್ಕೂ ನದಿಗಳು ಹುಟ್ಟುವುದು ಈ ಬೆಟ್ಟಗಳ ಗುಂಪಿನಲ್ಲೇ. ನೆರೆಹೊರೆಯ ಇಳಿಜಾರಿನ ಹಿಮ ಕರಗಿ, ಒಂದು ಪಾಲು ರೈನ್ ಸೇರಿ ಉತ್ತರ ಸಮುದ್ರಕ್ಕೆ, ಇನ್ನೊಂದು ರೋನ್ ಜೊತೆ ಮೆಡಿಟರೇನಿಯನ್‌ಗೆ, ಮತ್ತೊಂದು ಟಿಚಿನೋ ಆಗಿ, ಪೋ ನದಿಯಲ್ಲಿ ಬೆರೆತು ಏಡ್ರಿಯಾಟಿಕ್‌ಗೆ. ನನ್ನ ಕಿಟಕಿಯಷ್ಟಗಲದ ನೋಟದಲ್ಲಿ ಮೂರು ಕಡಲುಗಳ ಪಾಲುಪಟ್ಟಿ!

ಅದೇ ಕಲ್ಲಿನ ಅಡಿಯಲ್ಲಿ 57 ಕಿಲೋಮೀಟರ್ ಉದ್ದದ ಸುರಂಗ ಇದೆ. 2016ರಲ್ಲಿ ತೆರೆದದ್ದು, ಜಗತ್ತಿನ ಅತಿ ಉದ್ದದ ರೈಲು ಸುರಂಗ. ಕೆಲವು ಕಡೆ ಅದರ ನೆತ್ತಿಯ ಮೇಲೆ 2,300 ಮೀಟರ್ ಬಂಡೆ. ಒಳಗಿನ ಕಲ್ಲಿನ ಕಾವು 45 ಡಿಗ್ರಿ. ರೈಲು ಸುಮಾರು 20 ನಿಮಿಷ ಕತ್ತಲಲ್ಲೇ ಓಡುತ್ತದೆ. ಒಳಗೆ ಕೂತವರು ಆ ಹೊತ್ತಿನಲ್ಲಿ ಗಾಜಿನಲ್ಲಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಿರಬೇಕು, ಪಾಪ.

ಬಲಕ್ಕೆ, ದೂರದಲ್ಲಿ, ಸಿಂಪ್ಲಾನ್ ಕಣಿವೆದಾರಿಯ ದಿಕ್ಕು. ಅಲ್ಲಿ 1910ರ ಸೆಪ್ಟೆಂಬರ್ 23ರಂದು ಪೆರು ದೇಶದ ಮನೆತನದ ಹೊರ್ಹೆ ಚಾವೆಸ್, ಕಟ್ಟಿಗೆ-ಬಟ್ಟೆಯ ಬ್ಲೇರಿಯೋ ವಿಮಾನದಲ್ಲಿ ಆಲ್ಪ್ಸ್ ದಾಟಿದ. ವಿಮಾನದಲ್ಲಿ ದಾಟಿದವರಲ್ಲಿ ಮೊದಲಿಗ, ವಯಸ್ಸು 23. ಸ್ವಿಸ್ ಕಡೆಯ ಬ್ರಿಗ್ ಬಿಟ್ಟು ಇಟಲಿ ಕಡೆಯ ಡೊಮೊಡೊಸ್ಸೊಲಾ ಮುಟ್ಟಲು ಹೆಚ್ಚುಕಡಿಮೆ 40 ನಿಮಿಷ. ಇನ್ನೇನು ನೆಲ ಸಿಗಬೇಕು, ರೆಕ್ಕೆ ಮುರಿದು ಬಿದ್ದ. ನಾಲ್ಕನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನೂ ಹೊರಟಿದ್ದು ಮಿಲಾನ್‌ಗೇ. ಡೊಮೊಡೊಸ್ಸೊಲಾದಲ್ಲಿ ಇಳಿಯಬೇಕಿದ್ದದ್ದು ಇಂಧನ ತುಂಬಿಸಿಕೊಳ್ಳಲು.

ಚಾಕೊಲೇಟಿನ ಕೊನೆಯ ಚೂರು ನಾಲಿಗೆಯ ಮೇಲಿತ್ತು. ಕಣ್ಣಿಗೆ ಮಜ್ಜೋರೆ ಸರೋವರ ಬಿತ್ತು, ಉದ್ದಕ್ಕೆ, ನೀಲಿಯಾಗಿ. ಬೆಟ್ಟಗಳು ಮುಗಿದಿದ್ದವು. ವಿಮಾನ ಬಯಲಿನ ಮೇಲೆ ದಕ್ಷಿಣಕ್ಕೆ ಸಾಗಿ, ದೊಡ್ಡ ಸುತ್ತು ಹಾಕಿ, ಉತ್ತರಕ್ಕೆ ಮುಖ ಮಾಡಿ ಇಳಿಯಿತು. ಈಗಷ್ಟೇ ದಾಟಿ ಬಂದ ಆಲ್ಪ್ಸ್ ರನ್‌ವೇ ತುದಿಯಲ್ಲಿ ಗೋಡೆಯಾಗಿ ನಿಂತಿತ್ತು; ಮಾಂಟೆ ರೋಸಾದ ನೆತ್ತಿ ಬಿಸಿಲಿಗೆ ಹೊಳೆಯುತ್ತಿತ್ತು.

ಚಕ್ರ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವ ತನಕ ನನ್ನ ಕೈಗಡಿಯಾರದ ಪ್ರಕಾರ 38 ನಿಮಿಷ. ಅಲ್ಲಿಂದ ಮಿಲಾನ್ ಊರೊಳಗೆ ಹೋಗಲು ಬಸ್ಸು ತೆಗೆದುಕೊಂಡದ್ದು ಒಂದು ಗಂಟೆ.