ಕಟ್ಟಿದ ನೀರನ್ನು ಕಾಯುವುದೂ ಕಾಯಕ



ನಿಂತ ನೀರು ಕಣ್ಣಿಗೆ ತಂಪು, ಮನಸ್ಸಿಗೆ ಹಿತ. ನಮ್ಮ ಹುನ್ನೂರ, ಜಮಖಂಡಿ, ಮುಧೋಳ ಸೀಮೆಯ ಬಿಸಿಲಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀಗಿ ಹುಣ್ಣಿಮೆಗೋ ಎಳ್ಳ ಅಮಾವಾಸ್ಯೆಗೋ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿದ ಕುಟುಂಬಗಳು ಸಂಜೆ ಸಮೀಪದ ಕೆರೆಯ ಒಡ್ಡಿನ ಮೇಲೋ ನದಿಯ ಬಾಂದಾರದ ಬಳಿಯೋ ಒಂದು ಗಳಿಗೆ ಕುಳಿತು ಮನೆಗೆ ಮರಳುವುದುಂಟು. ಬಾಗಲಕೋಟೆಯ ಹತ್ತಿರ ಮುಚಖಂಡಿಗೆ ಹೋಗಿ ವೀರಭದ್ರೇಶ್ವರನ ದರ್ಶನ ಪಡೆದವರು ಬ್ರಿಟಿಷರ ಕಾಲದ ಆ ಹಳೆಯ ಕೆರೆಯನ್ನು ನೋಡದೆ ಬರುವುದು ಅಪರೂಪ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ಯಾವ ಒಡ್ಡಿನ ಮೇಲೆ ಕುಳಿತು ರೊಟ್ಟಿ ಮುರಿಯುತ್ತೇವೆಯೋ ಅದಕ್ಕೆ ವಯಸ್ಸೆಷ್ಟು, ಅದರ ಮೈ ಹೇಗಿದೆ, ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುವವರು ವಿರಳ. ಈ ಸಲ ಆ ಪ್ರಶ್ನೆಯನ್ನೇ ತಮ್ಮ ಮುಂದೆ ಇಡಬೇಕೆಂದು ಬಗೆದಿದ್ದೇವೆ.

ನೀರು ಕಟ್ಟುವ ಕಾಯಕದಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಕಥೆಯನ್ನು ಅರಿಯದ ಶರಣರ ಮನೆಯಿಲ್ಲ. ಇಂದಿನ ಸೊಲ್ಲಾಪುರದ ನಡುವೆ ಆ ಕೆರೆ ಇನ್ನೂ ಇದೆ. ಜನ ಅದರ ದಂಡೆಯಲ್ಲಿ ಅಡ್ಡಾಡುತ್ತಾರೆ. ಎಂಟು ಶತಮಾನಗಳ ಕಾಲ ಒಂದು ಕೆರೆ ಉಳಿದಿದೆ ಎಂದರೆ ಕಟ್ಟಿದ ಕೈಗಳಷ್ಟೇ ಕಾರಣವಲ್ಲ. ಅವುಗಳ ಹಿಂದೆ ಬಂದ ಎಷ್ಟೋ ತಲೆಮಾರಿನ ಕೈಗಳಿಗೂ ಅದರ ಪುಣ್ಯ ಸಲ್ಲಬೇಕು.

ನಮ್ಮ ತಾಲೂಕಿನದೇ ಉದಾಹರಣೆ ಕೃಷ್ಣೆಯ ಮೇಲಿದೆ. ಸರಕಾರದ ದಾರಿ ಕಾಯದೆ, ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬಾಂದಾರ ಕಟ್ಟಿದರು. ಕೃಷ್ಣಾ ತೀರ ರೈತ ಸಂಘದ ಮುಂದಾಳು ಸಿದ್ದು ನ್ಯಾಮಗೌಡರು ಆ ಕೆಲಸದಿಂದಲೇ ‘ಬ್ಯಾರೇಜ್ ಸಿದ್ದು’ ಎನಿಸಿಕೊಂಡರು. 1991ರಲ್ಲಿ ಲೋಕಸಭೆಗೂ ಆರಿಸಿ ಹೋದರು. ಬೆವರಿನ ಹನಿಗಳಿಂದ ತುಂಬಿದ ಆ ಜಲಾಶಯಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರು ಎಷ್ಟು ಅನ್ವರ್ಥಕ! ಬೇಸಿಗೆಯಲ್ಲಿ ಆಲಮಟ್ಟಿಯ ಹಿನ್ನೀರನ್ನು ಪಂಪುಗಳಿಂದ ಎತ್ತಿ ಅದನ್ನು ತುಂಬಿಸುವ ಸಾಹಸವನ್ನೂ ರೈತರು ಮಾಡಿದ್ದಾರೆ. ನ್ಯಾಮಗೌಡರು 2018ರಲ್ಲಿ ಅಪಘಾತದಲ್ಲಿ ನಮ್ಮನ್ನಗಲಿದರು. ಬಾಂದಾರಕ್ಕೆ ಈಗ ಮೂವತ್ತೈದು ದಾಟಿದೆ. ಅಂದು ಅಲ್ಲಿ ಬೆವರು ಸುರಿಸಿದ ತರುಣರು ಇಂದು ನಮ್ಮಂತೆಯೇ ನರೆತಿದ್ದಾರೆ. ಮನುಷ್ಯನಿಗೆ ಮುಪ್ಪು ಬರುವಂತೆ ಕಬ್ಬಿಣಕ್ಕೂ ಕಾಂಕ್ರೀಟಿಗೂ ಮುಪ್ಪುಂಟು. ಕಟ್ಟುವಾಗ ನೂರಾರು ಜನ ಕೂಡುತ್ತಾರೆ. ಗೇಟಿನ ತುಕ್ಕು ಕೆರೆಯುವಾಗ ಎಷ್ಟು ಜನ ಇರುತ್ತಾರೆ? ಈ ಪ್ರಶ್ನೆ ಒಂದು ಊರಿನದಲ್ಲ, ನೀರು ಕಟ್ಟಿದ ಎಲ್ಲ ಊರುಗಳದು.

ನಾವು ಮಠದಲ್ಲಿ ಅಧ್ಯಯನ ಮಾಡುತ್ತಿದ್ದ ಕಾಲದಲ್ಲಿ ನಮ್ಮ ಗುರುಗಳು ಮೃಗಶಿರಾ ಮಳೆ ಕೂಡುವ ಮುನ್ನ ವಿದ್ಯಾರ್ಥಿಗಳನ್ನೆಲ್ಲ ಊರ ಕೆರೆಯ ಒಡ್ಡಿಗೆ ಕರೆದೊಯ್ಯುತ್ತಿದ್ದರು. ಅಂದು ಪಾಠವೆಂದರೆ ಜಾಲಿಯ ಕಂಟಿ ಕೀಳುವುದು, ಇಲಿ–ಹೆಗ್ಗಣದ ಬಿಲ ಮುಚ್ಚುವುದು, ಕೋಡಿಯ ಕಸ ತೆಗೆಯುವುದು. ಕಲ್ಲಿನ ಸಂದಿಯಲ್ಲಿ ಬೆಳೆದ ಅರಳಿಯ ಸಸಿಯನ್ನು ಕೀಳಲು ನಮ್ಮಲ್ಲೊಬ್ಬನು ಹಿಂಜರಿದಾಗ ಗುರುಗಳು, “ಗಿಡಕ್ಕೆ ಅದರದೇ ಆದ ಸ್ಥಳವಿದೆ, ಒಡ್ಡಿನ ಒಡಲು ಅದರ ಸ್ಥಳವಲ್ಲ. ಬೇರು ಸತ್ತು ಕೊಳೆತ ಮೇಲೆ ಉಳಿಯುವ ತೂತೇ ನೀರಿಗೆ ಹಾದಿಯಾಗುತ್ತದೆ” ಎಂದು ತಿಳಿಹೇಳಿದರು. ಬಳಿಕ ಒಡ್ಡಿನ ಕೆಳಗೆ ಜಿನುಗುತ್ತಿದ್ದ ನೀರನ್ನು ತಂಬಿಗೆಯಲ್ಲಿ ಹಿಡಿದು ನೆರಳಿನಲ್ಲಿ ಇಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ತಳದಲ್ಲಿ ಮಣ್ಣು ಕೂಡಿದೆಯೇ ಎಂದು ನೋಡಿದರು. ಮಣ್ಣಿನ ಒಡ್ಡಿನಲ್ಲಿ ತಿಳಿನೀರು ಸ್ವಲ್ಪ ಜಿನುಗುವುದು ಸಹಜ. ಆ ನೀರು ರಾಡಿಯಾಗಿ ಬಂದರೆ, ಇಲ್ಲವೆ ಒಮ್ಮೆಲೇ ಹೆಚ್ಚಿದರೆ, ಒಡ್ಡು ಒಳಗಿನಿಂದ ಕರಗುತ್ತಿದೆ ಎಂದು ಅರ್ಥ. ಇಂದಿನ ಇಂಜಿನಿಯರರು ಹೇಳುವುದೂ ಇದನ್ನೇ.

ಈಚೆಗೆ ನಾವು ಇನ್ನೊಂದು ಹಳೆಯ ಕೆರೆಗೆ ಹೋಗಿದ್ದೆವು. ಒಡ್ಡಿನ ಮೇಲೆ ಆಳೆತ್ತರದ ಕಂಟಿ ಬೆಳೆದಿತ್ತು. ನೀರು ಇನ್ನಷ್ಟು ನಿಲ್ಲಲಿ ಎಂದು ಯಾರೋ ಕೋಡಿಗೆ ಮರಳಿನ ಚೀಲ ಒಟ್ಟಿದ್ದರು. ಮೀನು ಹೋಗದಂತೆ ಬಲೆಯನ್ನೂ ಕಟ್ಟಿದ್ದರು. ಒಡ್ಡಿನ ಬುಡದಲ್ಲಿ, ಜಿನುಗು ನೀರಿನಿಂದ ಹಸಿರಾದ ಹುಲ್ಲಿನ ಮೇಲೆ ಒಂದು ಕುಟುಂಬ ಬುತ್ತಿ ಬಿಚ್ಚಿ ಕುಳಿತಿತ್ತು. ಅಲ್ಲಿಂದ ಏಳಿರೆಂದು ನಾವು ಹೇಳಿದಾಗ ಮನೆಯ ಯಜಮಾನರು ಕೈಮುಗಿದು ಎದ್ದರು. ಆದರೆ “ಇಷ್ಟ ವರ್ಷ ಏನೂ ಆಗಿಲ್ರೀ ಅಜ್ಜಾರ” ಎಂದರು. ಆ ಮಾತು ನಮ್ಮ ಮನಸ್ಸಿನಲ್ಲಿ ಇನ್ನೂ ಉಳಿದಿದೆ.

ಏಕೆಂದರೆ ಅದೇ ಭರವಸೆ ದೂರದ ಅಮೆರಿಕದಲ್ಲಿ ಒಂದು ಊರನ್ನೇ ನುಂಗಿತು. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಎಂಬಲ್ಲಿ ಕಾಲುವೆಗಾಗಿ ಕಟ್ಟಿದ್ದ ಮಣ್ಣಿನ ಅಣೆಕಟ್ಟೊಂದು ಕಾಲಾಂತರದಲ್ಲಿ ಶ್ರೀಮಂತರ ಕ್ಲಬ್ಬಿನ ಕೈಸೇರಿತು. ದೋಣಿವಿಹಾರಕ್ಕೆ, ಮೀನು ಹಿಡಿಯುವ ವಿನೋದಕ್ಕೆ ಆ ಸರೋವರ ಬಳಕೆಯಾಯಿತು. ಗಾಡಿಗಳು ಓಡಾಡಲೆಂದು ಕಟ್ಟೆಯ ನೆತ್ತಿಯನ್ನು ತಗ್ಗಿಸಿದರು. ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಳಿಗೆ ಕಟ್ಟಿದರು. ಹಿಂದೆಯೇ ಕಿತ್ತುಹಾಕಿದ್ದ ತೂಬಿನ ಕೊಳವೆಗಳನ್ನು ಮತ್ತೆ ಕೂಡಿಸಲಿಲ್ಲ. 1889ರ ಮೇ 31ರಂದು ಭಾರಿ ಮಳೆಗೆ ಕಟ್ಟೆ ಒಡೆದು, ಕೆಳಗಿನ ಜಾನ್ಸ್‌ಟೌನ್ ಪಟ್ಟಣ ಮತ್ತು ಕಣಿವೆಯಲ್ಲಿ 2,200ಕ್ಕೂ ಹೆಚ್ಚು ಜನ ಮಡಿದರು. ವಿಹಾರ ಮೇಲಿದ್ದವರದು, ಮರಣ ಕೆಳಗಿದ್ದವರದು.

ಅಷ್ಟು ದೂರ ಹೋಗುವುದೂ ಬೇಡ. ನೆರೆಯ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬ ಸಣ್ಣ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಸುಮಾರು 20 ಜನ ಕೊಚ್ಚಿಹೋದರು. ನೀರು ಸೋರುತ್ತಿದೆ ಎಂದು ಮೊದಲೇ ದೂರಿದ್ದೆವೆಂದು ಊರವರು ಹೇಳಿದರು. ಏಡಿಗಳು ಕೊರೆದದ್ದರಿಂದ ಒಡೆಯಿತೆಂದು ಒಬ್ಬ ಮಂತ್ರಿಗಳು ಹೇಳಿದರು. ಇಂಜಿನಿಯರರೂ ಮಂಡಳಿಯೂ ಇರುವ ನಮ್ಮ ತುಂಗಭದ್ರೆಯಲ್ಲಿಯೇ 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಹರಿದು, ಕೂಡಿಟ್ಟ ನೀರು ದಿನಗಟ್ಟಲೆ ನದಿಯ ಪಾಲಾಯಿತು. ಹೀಗಿರುವಾಗ ಕೇಳುವವರಿಲ್ಲದ ಸಣ್ಣ ಕಟ್ಟೆಗಳ ಪಾಡೇನು?

2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದಿದೆ. ಮಳೆಗಾಲದ ಮೊದಲೂ ಆಮೇಲೂ ತಪಾಸಣೆ ಮಾಡಬೇಕೆಂದು ಅದು ವಿಧಿಸುತ್ತದೆ. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು 10ರಿಂದ 15 ಮೀಟರ್ ಎತ್ತರದವುಗಳಲ್ಲಿ ಉದ್ದ, ಸಂಗ್ರಹ ಮೊದಲಾದ ಷರತ್ತಿಗೆ ಒಳಪಡುವವುಗಳಿಗೆ ಮಾತ್ರ. ಊರ ಕೆರೆಗಳಲ್ಲಿ ಹೆಚ್ಚಿನವು ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿನವರೆಗೆ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತಿ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡವು 2,000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಕಾಗದದ ಮೇಲೆ ಒಡೆಯರಿದ್ದಾರೆ. ಆದರೆ ದಿನವೂ ಒಡ್ಡಿನ ಮೇಲೆ ನಡೆಯುವವರು ನಾವು. ಕಣ್ಣಿಗೆ ಮೊದಲು ಬೀಳುವ ಬಿರುಕು ನಮ್ಮ ಕಣ್ಣಿಗೇ ಬೀಳಬೇಕು.

ಆದಕಾರಣ ಹುನ್ನೂರಿನ ಹಾಗೂ ಸುತ್ತಲಿನ ಊರುಗಳ ಭಕ್ತರಲ್ಲಿ ನಮ್ಮದೊಂದು ಬಿನ್ನಹ. ರೋಹಿಣಿ ಮಳೆಯ ಹೊತ್ತಿಗೆ ವರ್ಷಕ್ಕೊಂದು ದಿನ ಊರಿನ ಹತ್ತು ಜನ ಹಿರಿಯರೂ ತರುಣರೂ ಕೂಡಿ ತಮ್ಮ ಕೆರೆಯ ಒಡ್ಡನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಲಿ. ಎಲ್ಲಿ ಕುಸಿದಿದೆ, ಎಲ್ಲಿ ಸೀಳಿದೆ, ಎಲ್ಲಿ ರಾಡಿನೀರು ಬರುತ್ತಿದೆ, ಕೋಡಿ ಬಯಲಾಗಿದೆಯೇ, ತೂಬು ತೆರೆಯುತ್ತದೆಯೇ ಎಂದು ಒಂದು ವಹಿಯಲ್ಲಿ ದಿನಾಂಕ ಸಹಿತ ಬರೆದಿಡಲಿ. ಸಸಿಯಾಗಿರುವಾಗಲೇ ಗಿಡ ಕೀಳಲಿ. ಮರವಾಗಿದ್ದರೆ ಬಲ್ಲವರನ್ನು ಕೇಳದೆ ಕಡಿಯದಿರಲಿ. ದೋಷ ಕಂಡರೆ ಬಾಯಿಮಾತಿನಲ್ಲಿ ಬಿಡದೆ ಪಂಚಾಯತಿಗೂ ಇಲಾಖೆಗೂ ಬರೆದು ಕೊಟ್ಟು ಸ್ವೀಕೃತಿ ಪಡೆಯಲಿ. ಕೋಡಿಗೆ ಚೀಲ ಒಟ್ಟುವವನು ಎಷ್ಟೇ ಹತ್ತಿರದ ಬಂಧುವಾಗಿರಲಿ, ಅದನ್ನು ತೆಗೆಸುವ ಧೈರ್ಯ ಊರಿಗಿರಲಿ. ಮಳೆಗಾಲದಲ್ಲಿ ಒಡ್ಡಿನ ಬುಡದಲ್ಲಿ, ಗೇಟಿನ ಕೆಳಗೆ, ಕೋಡಿಯ ಹರಿವಿನಲ್ಲಿ ಮಕ್ಕಳನ್ನು ಆಡಬಿಡದಿರಲಿ. ತಾಯಂದಿರು ಮನಸ್ಸು ಮಾಡಿದರೆ ಈ ಕೊನೆಯ ಮಾತು ನಾಳೆಯಿಂದಲೇ ಆಚರಣೆಗೆ ಬರುತ್ತದೆ.

ಇದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಒಂದು ದಿನದ ದುಡಿಮೆ, ಒಂದು ವಹಿ, ಒಂದು ತಂಬಿಗೆ ಸಾಕು. ಕೆರೆ ಕಟ್ಟಿದವನ ಹೆಸರನ್ನು ಕಲ್ಲಿನಲ್ಲಿ ಕೊರೆಯುತ್ತಾರೆ. ಕಾಯ್ದವನ ಹೆಸರನ್ನು ಯಾರೂ ಕೊರೆಯುವುದಿಲ್ಲ. ಫಲದ ಹೆಸರಿಗೆ ಆಶಿಸದೆ ಮಾಡುವುದೇ ಕಾಯಕವೆಂದು ನಂಬಿದ ನಮಗೆ ಅದು ಕೊರತೆಯೆನಿಸಬಾರದು. ಒಡ್ಡಿನ ಕೆಳಗಿನ ಮನೆಗಳಲ್ಲಿ ಮಳೆಯ ರಾತ್ರಿಯೂ ಮಕ್ಕಳು ನಿಶ್ಚಿಂತೆಯಿಂದ ನಿದ್ರಿಸಿದರೆ ಅದೇ ನಮ್ಮ ದಾಸೋಹ.