ಮನೆಯ ಸಾಲಿ, ಊರ ಸಾಲಿ: ಪುಣೆಯ ದಿನಚರಿಯಿಂದ

ಜೂನ್ 3, 2024, ಸೋಮವಾರ

ನನ್ನ ಗಂಡನ ಕಂಪನಿ ಬಸ್ಸು ಬೆಳಿಗ್ಗೆ ಆರಕ್ಕೇ ನಾವಿರುವ ವಾರ್ಜೆಗೆ ಬಂದುಬಿಡುತ್ತದೆ. ಡಬ್ಬಿ ಕಟ್ಟಿ ಇವರನ್ನು ಭೋಸರಿಯ ಕೆಲಸಕ್ಕೆ ಕಳಿಸಿಕೊಟ್ಟ ಮೇಲೆ, ಶಾಲೆಗೆ ಹೋಗದ ನಮ್ಮ ಐದು ಮಕ್ಕಳ ಮನೆಯ ಸಾಲಿ ಶುರು. ಹಿರಿಯಳು ರೊಟ್ಟಿ ಬಡಿಯುತ್ತ ಜೀವಕೋಶದ ಪಾಠ ಒಪ್ಪಿಸುತ್ತಾಳೆ. ಪುಸ್ತಕ ಹಿಡಿದು ತಪ್ಪು ಹುಡುಕುವ ಕೆಲಸ ಎರಡನೆಯವನದು. ಮೂರನೆಯವಳು ಹಾಸಿಗೆ ಮಡಚುತ್ತ ಕೊನೆಯವಳಾದ ಪುಟ್ಟಿಗೆ ಕಥೆ ಹೇಳುತ್ತಾಳೆ. ನಾಲ್ಕನೆಯವನಿಗೆ ಈಗ ಎಂಟು. ಎಲ್ಲರ ಪಾಠದಲ್ಲೂ ಅವನ ತಲೆ ಇರಲೇಬೇಕು.

ಇಂದು ಅಣ್ಣ ಅವನಿಗೆ ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದ. ಐವತ್ತೆರಡರಲ್ಲಿ ಇಪ್ಪತ್ತೇಳು. “ಬಾಜೂ ಮನೀಂದ ಒಂದು ಕಡಾ ತಗೊ” ಅಂದ. “ಒಂದು ಕಡಾ ತಂದ್ರ ಇಲ್ಲಿ ಹತ್ತು ಹೆಂಗಾತು?” ಎಂದು ಸಣ್ಣವ ಕೇಳಿದ. ಹದಿಮೂರು ವರ್ಷದ ಗುರುವಿಗೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದವನು ನನ್ನ ಪರ್ಸಿನಿಂದ ಹತ್ತರ ಐದು ನೋಟು, ಒಂದರ ಎರಡು ನಾಣ್ಯ ತೆಗೆದು ನೆಲದ ಮೇಲಿಟ್ಟ. ಏಳು ರೂಪಾಯಿ ಚಿಲ್ಲರೆ ಕೊಡಬೇಕು, ಇರೋದು ಎರಡೇ. ಒಂದು ನೋಟನ್ನು ಅಕ್ಕನ ಗಲ್ಲೆಯಲ್ಲಿ ಹಾಕಿ ಹತ್ತು ನಾಣ್ಯ ಎಣಿಸಿಕೊಂಡು ಬಂದ. “ಹಾಂ!” ಅಂದರು ಇಬ್ಬರೂ ಒಟ್ಟಿಗೆ.

ಐದು ಮಕ್ಕಳ ಮನೆಯಲ್ಲಿ ಪಾಠ ನಡೆಯುವುದೇ ಹೀಗೆ. ಐವರಿಗೂ ಎಲ್ಲವನ್ನೂ ನಾನೊಬ್ಬಳೇ ಕಲಿಸಲಾರೆ. ಹೇಳಿಕೊಡಲು ಕೂತವನಿಗೆ ತನ್ನ ಕಲಿಕೆ ಎಲ್ಲಿ ಪೊಳ್ಳಾಗಿದೆ ಎಂದು ಗೊತ್ತಾಗುತ್ತದೆ. ಅದು ಈ ಮನೆಯ ದೊಡ್ಡ ಲಾಭ.

ರಾತ್ರಿ ಪಾತ್ರೆ ತಿಕ್ಕುವಾಗ ಮೂರನೆಯವಳು ಬಂದು ಪಕ್ಕದಲ್ಲಿ ನಿಂತಳು. “ಅವ್ವಾ, ಹದಿನೈದಕ್ಕ ಸಾಲಿ ಚಾಲೂ ಆಗ್ತಾವಂತ. ನಾನೂ ಹೋಗ್ಲಿ?”

ನಾಳೆ ಮಾತಾಡೋಣ ಅಂದೆ. ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜೂನ್ 5, ಬುಧವಾರ

ಯಾಕೆ ಹೋಗಬೇಕು ಅನಿಸುತ್ತದೆ ಎಂದು ಕೇಳಿದೆ. ಕೆಳಗಿನ ಮನೆಯ ಹುಡುಗಿಯರು ವ್ಯಾನಿನಲ್ಲಿ ಹೋಗುತ್ತಾರೆ, ಡಬ್ಬಿ ಒಯ್ಯುತ್ತಾರೆ, ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಕುಣಿಯುತ್ತಾರೆ. ಎಲ್ಲ ಹೇಳಿ ಮುಗಿಸಿದಳು. ಇನ್ನೂ ಏನೋ ಉಳಿದಿದೆ ಅನ್ನಿಸಿ ಸುಮ್ಮನೆ ಕೂತೆ. ಸೆರಗಿನ ಚುಂಗು ಹಿಡಿದು ಎಳೆಯುತ್ತ ಅಂದಳು: “ಮನ್ಯಾಗ ನಾ ಯಾವಾಗ್ಲೂ ಯಾರದರ ತಂಗಿ, ಇಲ್ಲಾ ಯಾರದರ ಅಕ್ಕ. ಸಾಲ್ಯಾಗ ನಾ ಬರೇ ನಾನಽ ಇರ್ತೀನಿ.”

ಹತ್ತು ವರ್ಷದ ಕೂಸು. ಐವರ ನಟ್ಟನಡುವೆ ಹುಟ್ಟಿದವಳು. ಅಕ್ಕನ ಹಳೆಯ ಫ್ರಾಕು ತೊಟ್ಟು, ಅಣ್ಣನ ಹಳೆಯ ಪುಸ್ತಕ ಓದಿ, ಪುಟ್ಟಿಯನ್ನು ಸೊಂಟದ ಮೇಲೆ ಹೊತ್ತು ಬೆಳೆದವಳು. ಈ ಮನೆ ಅವಳಿಗೆ ಬಹಳ ಕೊಟ್ಟಿದೆ. ಅವಳು ಈಗ ಕೇಳುತ್ತಿರುವುದನ್ನು ಮಾತ್ರ ಮನೆ ಕೊಡಲಾರದು. ಅದನ್ನು ಇಷ್ಟು ಸ್ಪಷ್ಟವಾಗಿ ಹೇಳಬಲ್ಲಳಲ್ಲ ಎಂದು ಎದೆ ತುಂಬಿತು.

ಜೂನ್ 8, ಶನಿವಾರ

ನಾಲ್ಕನೆಯವನನ್ನು ಕರೆದುಕೊಂಡು ತರಕಾರಿ ಮಾರುಕಟ್ಟೆ ಮಂಡಈಗೆ ಹೋಗಿದ್ದೆ. ಇವನಿಗೆ ಓದು ಹತ್ತಲಿಲ್ಲ ಎಂಬ ಚಿಂತೆ ವರ್ಷದಿಂದ ಕೊರೆಯುತ್ತಿತ್ತು. ಕನ್ನಡ ವರ್ಣಮಾಲೆ ಬರುತ್ತದೆ, ಅಕ್ಷರ ಕೂಡಿಸಿ ಶಬ್ದ ಮಾಡುವಾಗ ತಡವರಿಸುತ್ತಾನೆ. ಶಾಲೆಯಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಹಿಂದಿನ ಬೆಂಚು ಸೇರಿರುತ್ತಿದ್ದ.

ಸ್ಟಾಪಿನಲ್ಲಿ ನಿಂತಾಗ ಬಸ್ಸೊಂದು ಬಂತು. ಅದರ ಫಲಕದಲ್ಲಿ ಊರಿನ ಹೆಸರು ಮರಾಠಿಯಲ್ಲಿತ್ತು. “ಮ, ನ, ಪಾ... ಮನಪಾ! ಅವ್ವಾ, ಇದು ನಮ್ಮ ಬಸ್ ಅಲ್ಲ, ಇದು ಕಾರ್ಪೊರೇಶನ್‌ಗೆ ಹೊಕ್ಕೈತಿ.” ಮುಂದಿನದು ಸ್ವಾರಗೇಟ್. ಅದನ್ನೂ ಓದಿದ, ಸ್ವದ ಒತ್ತನ್ನೂ ಬಿಡಿಸಿದ. ನಾನು ಕಲಿಸದ ಲಿಪಿಯಲ್ಲಿ, ಯಾರೂ ಕೂರಿಸಿ ಹೇಳಿಕೊಡದೆ. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದುತ್ತ ಬಂದ. ಮಂಡಈಯ ಎತ್ತರದ ಗೋಪುರದ ಕೆಳಗೆ ಬೆಂಡೆಕಾಯಿ ರಾಶಿಯ ಮೇಲೆ ಚುಚ್ಚಿದ್ದ ದರದ ಚೀಟಿಯನ್ನೂ ಓದಿ ಹೇಳಿದ. ಸಂಜೆ ಕನ್ನಡ ಪುಸ್ತಕ ತಂದು ತಾನಾಗಿಯೇ ನನ್ನ ತೊಡೆಯ ಮೇಲೆ ಇಟ್ಟ.

ಒಬ್ಬನಿಗೆ ಮನೆ ಬೇಕು, ಅವಸರವಿಲ್ಲದ ದಿನಗಳು ಬೇಕು. ಇನ್ನೊಬ್ಬಳಿಗೆ ಮನೆಯ ಹೊರಗೆ ತನ್ನದೊಂದು ಜಾಗ ಬೇಕು. ಇಬ್ಬರೂ ನನ್ನ ಹೊಟ್ಟೆಯ ಮಕ್ಕಳೇ.

ಜೂನ್ 9, ಭಾನುವಾರ

ಧಾರವಾಡದಲ್ಲಿರುವ ನನ್ನ ಅವ್ವನಿಗೆ ಫೋನು. ಮೂರನೆಯವಳ ಸುದ್ದಿ ಹೇಳಿದೆ. ಅವ್ವ ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಇವತ್ತು ಆಡಿದಳು: “ನಾ ಮೂರನೇತ್ತ ಮುಗಿಸಿದಾಗ ನಮ್ಮಪ್ಪ ಸಾಲಿ ಬಿಡಿಸಿದ. ತಮ್ಮನ್ನ ಹೊತಗೊಂಡು ಸಾಲಿ ಕಿಟಕ್ಯಾಗ ನಿಂತು ಪಾಠಾ ಕೇಳತಿದ್ದೆ. ನೀನು ಇಷ್ಟ ಕಲ್ತು, ಎಂ.ಎ. ಮಾಡಿ, ನಿನ್ನ ಹೆಣ್ಣುಮಕ್ಕಳನ್ನ ಮನ್ಯಾಗ ಇಟಗೊಂಡೀಯಲ್ಲವಾ? ನನಗ ಇದು ತಿಳ್ಯಾಂಗಿಲ್ಲ.”

ಮನೆಯಲ್ಲೇ ಕಲಿಸುವ ನಮಗೆ ಯಾರು ಯಾರೋ ಏನೇನೋ ಕೇಳುತ್ತಾರೆ. ಪರೀಕ್ಷೆ ಹೇಗೆ, ಸ್ನೇಹಿತರು ಹೇಗೆ, ನೌಕರಿ ಹೇಗೆ. ಅವಕ್ಕೆಲ್ಲ ಉತ್ತರ ಕೊಟ್ಟು ಅಭ್ಯಾಸವಾಗಿದೆ. ಕಿಟಕಿಯ ಹೊರಗೆ ನಿಂತು ಕಲಿತ ಹೆಣ್ಣುಮಗಳ ಪ್ರಶ್ನೆಗೆ ಅಷ್ಟು ಸುಲಭದ ಉತ್ತರ ಇಲ್ಲ.

ಜೂನ್ 11, ಮಂಗಳವಾರ

ಇವರು ಬಂದ ಮೇಲೆ ಊಟ ಮುಗಿಸಿ ಇಬ್ಬರೂ ಕಾಗದ ಹರಡಿ ಕೂತೆವು. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ. 10ನೇ ಕಲಮು ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ. ಸೇರಿಸದವರಿಗೆ ದಂಡ ಇಟ್ಟಿಲ್ಲ. ನಮ್ಮಂಥ ಮನೆಗಳು ಬದುಕಿರುವುದು ಈ ಸಂದಿನಲ್ಲಿ. ಇವತ್ತು ನಮಗೆ ಬೇಕಾದದ್ದು 4ನೇ ಕಲಮು. ಶಾಲೆಗೇ ಹೋಗದ ಮಗು ಯಾವಾಗ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಆ ಮಗುವಿಗೆ ಇದೆ.

“ಅಂದ್ರ ಐದನೇತ್ತಕ್ಕ ಸೀದಾ ಹೋಗಬಹುದು” ಅಂದರು ಇವರು. ಎರಂಡವಣೆಯಲ್ಲಿ ಕನ್ನಡ ಸಂಘದವರ ಡಾ. ಕಲ್ಮಾಡಿ ಶಾಮರಾವ್ ಕನ್ನಡ ಮಾಧ್ಯಮ ಶಾಲೆ ಇದೆ. ನನ್ನ ಮನಸ್ಸು ಅತ್ತ ವಾಲಿತು. ಮಗಳಿಗೆ ಬೇಕಾದದ್ದು ಗೆಳತಿಯರ ಮರಾಠಿ ಶಾಲೆ. ಕನ್ನಡ ಮನೆಯಲ್ಲಿ ಇದ್ದೇ ಇದೆ, ಅವಳ ಇಷ್ಟದ ಕಡೆಗೇ ಹೋಗಲಿ ಎಂದಾಯಿತು.

ಹಿರಿಯಳನ್ನೂ ಕೇಳಿದೆವು, ನಿನಗೂ ಶಾಲೆ ಬೇಕೇನವಾ ಅಂತ. ಬೇಡ ಅಂದಳು. ಅವಳ ಲೆಕ್ಕ ತಯಾರಿತ್ತು. ರಾಷ್ಟ್ರೀಯ ಮುಕ್ತ ವಿದ್ಯಾಲಯ, ನಾವು ಎನ್‌ಐಒಎಸ್ ಅನ್ನುವುದು, ಹದಿನಾಲ್ಕು ತುಂಬಿದವರಿಗೆ ಹತ್ತನೆಯ ತರಗತಿಯ ಪರೀಕ್ಷೆ ಕೊಡುತ್ತದೆ. ಐದು ವಿಷಯ, ಅದರಲ್ಲಿ ಎರಡರ ತನಕ ಭಾಷೆ ಇರಬಹುದು. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಚಿತ್ರಕಲೆ ಎಂದು ಬರೆದುಕೊಂಡಿದ್ದಳು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಐದು ವರ್ಷದಲ್ಲಿ ಒಂಬತ್ತು ಅವಕಾಶ. “ಏಪ್ರಿಲ್‌ಗೆ ಕನ್ನಡ, ಚಿತ್ರಕಲಾ ಎರಡಽ ಬರೀತೀನಿ. ಗಣಿತ ಗಟ್ಟಿಯಾದ ಮ್ಯಾಲೆ ಉಳಿದದ್ದು.” ಹದಿನೈದನೆಯ ವಯಸ್ಸಿಗೆ ತನ್ನ ಕಲಿಕೆಯ ಲೆಕ್ಕ ತಾನೇ ಹಾಕಿಕೊಳ್ಳುವ ಮಗಳು. ಇವರು ಅವಳ ಹಾಳೆಯನ್ನು ಎರಡು ಸಲ ಓದಿ ಜೋಪಾನವಾಗಿ ಮಡಚಿ ಕೊಟ್ಟರು.

ಜೂನ್ 16, ಭಾನುವಾರ

ಎಲ್ಲರನ್ನೂ ಕರೆದುಕೊಂಡು ಬುಧವಾರ ಪೇಠೆಗೆ ಹೋಗಿದ್ದೆವು. ದಗಡೂಶೇಠ್ ಗಣಪತಿ ಗುಡಿಯ ಎದುರಿಗೇ ಭಿಡೆವಾಡಾ. 1848ರಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದ ಜಾಗ. ಶಿಥಿಲವಾಗಿದ್ದ ಕಟ್ಟಡವನ್ನು ಹೋದ ಡಿಸೆಂಬರಿನಲ್ಲಿ ಸ್ಮಾರಕಕ್ಕೆಂದು ಕೆಡವಿದರು. ಗುಡಿಯ ಮುಂದೆ ಜನಜಾತ್ರೆ, ಹೂವಿನವರ ಕೂಗು. ಇತ್ತ ಖಾಲಿ ನೆಲ. ಪಾಠ ಹೇಳಲು ಹೋಗುವಾಗ ಸಾವಿತ್ರಿಬಾಯಿಯ ಮೇಲೆ ಸೆಗಣಿ, ಕೆಸರು ಎರಚುತ್ತಿದ್ದರಂತೆ, ಶಾಲೆಗೆ ಹೋಗಿ ಉಡಲು ಇನ್ನೊಂದು ಸೀರೆ ಒಯ್ಯುತ್ತಿದ್ದಳಂತೆ ಎಂದು ಹೇಳಿದೆ. ಪುಟ್ಟಿ “ಯಾಕ ಒಗೀತಿದ್ರು?” ಅಂತ ಕೇಳುತ್ತಲೇ ಇದ್ದಳು. ಓದು ಕಲಿಯುವ ಹುಡುಗಿಯರನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಹೇಳಿ ಮುಗಿಸಲು ನನಗೆ ಗಂಟಲು ಕಟ್ಟಿತು. ಆ ಸಾವಿತ್ರಿಬಾಯಿಗೆ ಮೊದಲು ಅಕ್ಷರ ಕಲಿಸಿದ್ದು ಮನೆಯಲ್ಲಿ, ಗಂಡ ಜೋತಿರಾವ್.

ಬರುವಾಗ ಬಸ್ಸಿನಲ್ಲಿ ಹಿರಿಯಳು ಪಂಡಿತಾ ರಮಾಬಾಯಿಯ ಕಥೆ ಹೇಳಿದಳು. ಈ ತಿಂಗಳು ಅವಳ ಓದು ಅದೇ. ರಮಾಬಾಯಿ ನಮ್ಮ ಕಡೆಯವಳು. 1858ರಲ್ಲಿ ಹುಟ್ಟಿದ್ದು ತುಂಗೆ, ಭದ್ರೆ, ನೇತ್ರಾವತಿಯರ ಉಗಮಸ್ಥಾನ ಗಂಗಾಮೂಲದ ಕಾಡಿನಲ್ಲಿ. ಅಪ್ಪ ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆ. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡು ಕಾಡು ಸೇರಿದವರು. ಆ ಲಕ್ಷ್ಮೀಬಾಯಿ ಹಗಲೆಲ್ಲ ಮನೆಗೆಲಸದಲ್ಲಿ ಮುಳುಗಿರುತ್ತಿದ್ದಳು. ಆದ್ದರಿಂದ ನಸುಕಿನಲ್ಲೇ ಮಗಳನ್ನು ಎಬ್ಬಿಸಿ, ಪುಸ್ತಕವಿಲ್ಲದೆ ಬಾಯಿಂದ ಬಾಯಿಗೆ ಪಾಠ ಹೇಳುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದ ಆ ಹುಡುಗಿಯನ್ನು 1878ರಲ್ಲಿ ಕಲ್ಕತ್ತೆಯ ಪಂಡಿತರು ಪರೀಕ್ಷಿಸಿ ಪಂಡಿತೆ ಎಂದು ಕರೆದರು.

“1882ರಾಗ ಪುಣೆಗೆ ಬಂದಳು. ಬಂದಾಕಿ ಏನ್ ಮಾಡಿದಳು ಹೇಳ್ರಿ” ಎಂದು ಹಿರಿಯಳು ತಮ್ಮ ತಂಗಿಯರನ್ನು ಕೇಳಿದಳು. ಆರ್ಯ ಮಹಿಳಾ ಸಮಾಜ ಕಟ್ಟಿದಳು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ, ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕು, ವೈದ್ಯೆಯರು ಬೇಕು ಎಂದು ಸಾಕ್ಷಿ ನುಡಿದಳು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಎಂಬ ಹೆಣ್ಣುಮಕ್ಕಳ ಶಾಲೆ ತೆರೆದು ಮರುವರ್ಷ ಪುಣೆಗೆ ತಂದಳು.

ಅವ್ವನ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಬಸ್ಸಿನ ಆ ಸೀಟಿನಲ್ಲಿ. ತಾಯಿಯ ಬಾಯಿಂದ ಮನೆಯಲ್ಲೇ ಕಲಿತವಳು ದೊಡ್ಡವಳಾಗಿ ಮಾಡಿದ್ದು ಉಳಿದ ಹೆಣ್ಣುಮಕ್ಕಳಿಗೆ ಶಾಲೆ ತೆರೆಯುವ ಕೆಲಸ. ಆಕೆಗೆ ಬೇರೆ ದಾರಿ ಇರಲಿಲ್ಲ, ನನ್ನ ಮಕ್ಕಳಿಗೆ ಇದೆ. ಆ ದಾರಿಗಾಗಿ ಈ ಊರಿನ ಹೆಂಗಸರು ಸೆಗಣಿಯ ಪೆಟ್ಟು ತಿಂದಿದ್ದಾರೆ. ಅದನ್ನು ಮುಚ್ಚುವ ಹಕ್ಕು ತಾಯಿಯಾದ ನನಗೂ ಇಲ್ಲ. ಶಾಲೆಯ ಬಾಗಿಲು ತೆರೆದಿದ್ದರೆ ಮಾತ್ರ ಮನೆಯ ಪಾಠಕ್ಕೆ ಬೆಲೆ.

ಜೂನ್ 18, ಮಂಗಳವಾರ

ಮೂರನೆಯವಳೊಂದಿಗೆ ಅವಳ ಗೆಳತಿಯರ ಮರಾಠಿ ಶಾಲೆಗೆ ಹೋಗಿದ್ದೆವು. ಆಫೀಸಿನಲ್ಲಿದ್ದವರು ಹಿಂದಿನ ಶಾಲೆಯ ದಾಖಲಾ ಇಲ್ಲದೆ ಆಗುವುದಿಲ್ಲ ಅಂದರು. ಹಿಂದಿನ ಶಾಲೆಯೇ ಇಲ್ಲವಲ್ಲ. ಜನನ ಪ್ರಮಾಣಪತ್ರದ ಜೊತೆ 4ನೇ ಕಲಮಿನ ಪ್ರತಿಯನ್ನೂ ಇಟ್ಟೆ. ಬಹಳ ಹೊತ್ತು ಬೆಂಚಿನ ಮೇಲೆ ಕಾದೆವು. ಕೊನೆಗೆ ಹೆಡ್‌ಬಾಯಿ ಒಳಗೆ ಕರೆದರು. ನನ್ನನ್ನು ಏನೂ ಕೇಳದೆ ಮಗಳ ಕೈಗೆ ಮರಾಠಿ ಪುಸ್ತಕ ಕೊಟ್ಟರು. ಓದಿದಳು. ಭಾಗಾಕಾರ ಬರೆಸಿದರು, ಮಾಡಿದಳು. ಮರಾಠಿ ಶುದ್ಧಲೇಖನದಲ್ಲಿ ಹ್ರಸ್ವ ದೀರ್ಘ ಅದಲುಬದಲು. “ದಿನಾ ಅರ್ಧ ತಾಸು ನನ್ನ ಹತ್ತಿರ ಕೂಡು, ದೀಪಾವಳಿಯೊಳಗೆ ಸರಿಹೋಗುತ್ತದೆ” ಎಂದು ಅವಳಿಗೇ ಹೇಳಿದರು. ಐದನೆಯ ತರಗತಿಯ ಹಾಜರಿಯಲ್ಲಿ ಹೆಸರು ಏರಿತು.

ಹೊರಗೆ ಬಂದು ಮಗಳು ಕೇಳಿದ್ದು ಒಂದೇ ಮಾತು: “ಬ್ಯಾಸರಾದ್ರ ವಾಪಸ್ ಬರಬಹುದಲ್ಲಾ ಅವ್ವಾ?” ಒಂದು ವರ್ಷ ಪೂರಾ ನೋಡು, ಬರುವ ಜೂನಿಗೆ ಮತ್ತೆ ಕೂತು ಮಾತಾಡೋಣ ಅಂದೆ. ಒಪ್ಪಿಕೊಂಡಳು.

ಜುಲೈ 16, ಮಂಗಳವಾರ

ನಾಳೆ ಆಷಾಢ ಏಕಾದಶಿ. ಶಾಲೆಯ ಮಕ್ಕಳು ದಿಂಡಿ ಮೆರವಣಿಗೆ ಹೊರಟಿದ್ದರು. ಗಂಡುಹುಡುಗರ ಕೈಯಲ್ಲಿ ತಾಳ, ಹುಡುಗಿಯರ ತಲೆಯ ಮೇಲೆ ತುಳಸಿ. ನಾವೆಲ್ಲ ರಸ್ತೆಯ ಬದಿಗೆ ನಿಂತು ಕಾದೆವು. ನಮ್ಮವಳು ಒಂಬತ್ತು ಗಜದ ಸೀರೆಯುಟ್ಟು, ಸಾಲಿನ ನಡುವೆ ಯಾರೋ ಗೆಳತಿಯ ಜೊತೆ ಮಾತಾಡುತ್ತ ಹೋದಳು. ಸಣ್ಣವ ಜೋರಾಗಿ “ಅಕ್ಕಾ” ಎಂದು ಕೂಗಿದ. ಒಮ್ಮೆ ನಕ್ಕು ಮುಂದೆ ನಡೆದಳು. ಅವಳು ಬಯಸಿದ್ದು ಅವಳಿಗೆ ಸಿಕ್ಕಿದೆ.

ಮನೆಯಲ್ಲಿ ಅವಳಿಲ್ಲದ ಹಗಲು ಉಳಿದವರನ್ನೂ ಬದಲಿಸಿದೆ. ಪುಟ್ಟಿಗೆ ಕಥೆ ಹೇಳುವ ಕೆಲಸ ಈಗ ಸಣ್ಣವನದು. ಓದಿಯೇ ಹೇಳಬೇಕು ಎಂದು ಪುಟ್ಟಿಯ ಹಟ. ಅದರಿಂದ ಅವನ ಕನ್ನಡ ಓದು ಓಡುತ್ತಿದೆ.

ಜುಲೈ 25, ಗುರುವಾರ

ರಾತ್ರಿಯೆಲ್ಲ ಮಳೆ. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟು ಮುಠಾ ನದಿ ಉಕ್ಕಿದೆ. ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮನೆಗಳಿಗೆ ನೀರು ನುಗ್ಗಿದೆ. ಶಾಲೆಗಳಿಗೆ ರಜೆ. ಬಹಳ ದಿನದ ಮೇಲೆ ಐವರೂ ಹಗಲು ಮನೆಯಲ್ಲಿ. ಅಣೆಕಟ್ಟು ಇದ್ದರೂ ಯಾಕೆ ನೀರು ಹಿಡಿದಿಡುವುದಿಲ್ಲ ಎಂದು ಸಣ್ಣವ ಕೇಳಿದ. ಎರಡನೆಯವ ನಕ್ಷೆ ಬರೆದು ಪಾನಶೇತ, ವರಸಗಾವ್, ಟೆಮ್‌ಘರ್ ಮೂರೂ ಮೇಲೆ, ಖಡಕವಾಸಲಾ ಕೆಳಗೆ ಎಂದು ತೋರಿಸಿದ. ಮೂರನೆಯವಳು ತನ್ನ ಶಾಲೆಯ ಪುಸ್ತಕ ತಂದು ನದಿಯ ಹೆಸರು ತಿದ್ದಿದಳು. ಮಧ್ಯಾಹ್ನ ಎಲ್ಲ ಸೇರಿ ಹಳೆಯ ಚಾದರ, ಬಟ್ಟೆ ಗಂಟು ಕಟ್ಟಿದರು; ನೀರು ನುಗ್ಗಿದ ಮನೆಗಳಿಗೆ ಕೊಡಲು ಇವರು ಸಂಜೆ ಒಯ್ದರು.

ರಾತ್ರಿ ಹಿರಿಯಳ ಎನ್‌ಐಒಎಸ್ ಅರ್ಜಿ ತುಂಬಿದೆವು. ಮುಗಿದ ಮೇಲೆ ಅವ್ವನಿಗೆ ಫೋನು ಹಚ್ಚಿ ಎರಡೂ ಸುದ್ದಿ ಹೇಳಿದೆ: ಒಬ್ಬಳು ಮನೆಯಲ್ಲೇ ಇದ್ದು ಹತ್ತನೇತ್ತ ಬರೆಯುತ್ತಾಳೆ, ಒಬ್ಬಳು ಸಾಲಿಗೆ ಹೋಗುತ್ತಾಳೆ. “ಇಬ್ಬರನ್ನೂ ಕೇಳಿ ಮಾಡಿದಿಯಲ್ಲಾ?” ಅಂದಳು. ಹೌದು ಅಂದೆ. “ನನ್ನ ಯಾರೂ ಕೇಳಿರಲಿಲ್ಲವಾ. ನೀ ಕೇಳು. ಪ್ರತೀ ವರ್ಷ ಕೇಳು.”

ಹಾಗೇ ಮಾಡುತ್ತೇನೆ. ಬರುವ ಜೂನಿನಲ್ಲಿ ಪುಟ್ಟಿಗೂ ಆರು ತುಂಬಿರುತ್ತದೆ. ಅವಳಿಂದಲೇ ಶುರು ಮಾಡಬೇಕು.